ಗಂಟೆಗೆಷ್ಟು ಕೂಲಿ? ದಾದಿಯ ದುಡಿಮೆಗೆ ಬೆಲೆ ಕಟ್ಟಿದ ಬಗೆ

ಹೊಸೂರು ಸೀಮೆಯ ಚರಿತ್ರೆಯನ್ನು ಬರೆಯಲು ಕುಳಿತಾಗಲೆಲ್ಲ ನಾವು ಶಾಸನಗಳಿಂದ, ದೇಗುಲಗಳಿಂದ, ಪಾಳೆಯಗಾರರ ಕೋಟೆಗಳಿಂದ ಆರಂಭಿಸುತ್ತೇವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ನೆಲ ಗಡಿಯ ಈಚೆ ಉಳಿದ ಸಂಗತಿಗೆ ಬಂದು ನಿಲ್ಲುತ್ತೇವೆ. ಈ ನಡುವೆ ನಮ್ಮ ಮನೆಗಳ ಹೆಣ್ಣುಮಕ್ಕಳು ಏನು ದುಡಿದರು, ಆ ದುಡಿಮೆಗೆ ಏನು ಪಡೆದರು ಎಂಬ ವಿಚಾರ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಬಂದದ್ದು ವಿರಳ. ಹೊಲದ ಕೂಲಿಯ ಬಗೆಗಾದರೂ ಒಂದೆರಡು ಮಾತು ಸಿಗುತ್ತದೆ. ಪರರ ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದವರ ಕೂಲಿಯ ಬಗೆಗೆ ಅದೂ ಇಲ್ಲ.

ಈ ವಿಚಾರವನ್ನು ಎತ್ತಿಕೊಳ್ಳಲು ಕಾರಣವುಂಟು. ಇಂದು ಹೊಸೂರಿನಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಮುಂಜಾನೆಯ ಬಸ್ಸು ಹತ್ತಿ ಅತ್ತಿಬೆಲೆಯ ಗಡಿ ದಾಟಿ ಬೆಂಗಳೂರಿನ ಕಡೆಯ ಬಹುಮಹಡಿ ವಸತಿಗಳಿಗೆ ಹೋಗುವ ಹೆಂಗಸರಿದ್ದಾರೆ. ಹೊಸೂರಿನಲ್ಲಿಯೇ ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ ದಂಪತಿಗಳ ಮನೆಗಳಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರುವವರೂ ಇದ್ದಾರೆ. ಕೆಲಸ ಕೊಡುವ ಮನೆಗಳೂ ಕೆಲಸಕ್ಕೆ ಹೋಗುವ ಮನೆಗಳೂ ನಮ್ಮ ಸಂಘದ ಸದಸ್ಯರ ನಡುವೆಯೇ ಇವೆ. ಮೊದಲ ಬಾರಿಗೆ ಈ ಕೆಲಸಕ್ಕೆ ಹೊರಟವಳನ್ನು ಮನೆಯೊಡತಿ “ಎಷ್ಟು ತಗೊಳ್ತೀಯಮ್ಮಾ?” ಎಂದು ಕೇಳಿದಾಗ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ನೀವೇ ನೋಡಿ ಕೊಡಿ ಅಕ್ಕಾ.” ಇದನ್ನು ವಿನಯದ ಮಾತು ಎಂದು ಎಣಿಸುವವರುಂಟು. ಬೆಲೆ ತಿಳಿಯದವಳ ಮಾತು ಎಂದೇ ನಾವು ಎಣಿಸುತ್ತೇವೆ. ಈ ತಿಳಿಯದಿರುವಿಕೆಗೆ ದೀರ್ಘವಾದ ಚರಿತ್ರೆಯಿದೆ.

ಮೊದಲು ಶಬ್ದಗಳನ್ನು ನೋಡೋಣ. ನಮ್ಮ ‘ದಾದಿ’ ಸಂಸ್ಕೃತದ ‘ಧಾತ್ರಿ’ಯಿಂದ ಬಂದುದು. ಧಾತ್ರಿಯೆಂದರೆ ಹಾಲೂಡಿ ಸಲಹುವವಳು. ಭೂಮಿಗೂ ಅದೇ ಹೆಸರು. ‘ಆಯಾ’ ಎಂಬ ಮಾತು ಗೋವೆಯ ಕಡೆಯಿಂದ ಬಂದ ಪೋರ್ಚುಗೀಸರ ‘ಆಇಆ’ ಎಂಬುದರ ರೂಪ. ಅವರಲ್ಲಿ ಅದು ಮಕ್ಕಳ ಪಾಲಕಿಗೆ ಸಲ್ಲುವ ಹೆಸರು. ಇನ್ನು ‘ಸಂಬಳ’. ಸಂಸ್ಕೃತದ ‘ಶಂಬಲ’ವೆಂದರೆ ದಾರಿಯ ಬುತ್ತಿ. ಮೂಲದಲ್ಲಿ ಸಂಬಳವೆಂಬುದು ಹೊಟ್ಟೆಪಾಡಿನ ಗಂಟು, ಎಣಿಸಿ ಕೊಡುವ ಹಣವಲ್ಲ. ದಾದಿಯ ವಿಷಯದಲ್ಲಂತೂ ಈ ಮೂಲಾರ್ಥ ಬಹುಕಾಲ ಅಳಿಯಲೇ ಇಲ್ಲ. ಎರಡು ಹೊತ್ತಿನ ಊಟ, ಹಬ್ಬಕ್ಕೊಂದು ಸೀರೆ, ಮಗುವಿನ ನಾಮಕರಣಕ್ಕೊಂದು ಉಡುಗೊರೆ, ‘ಮನೆಯವಳಂತೆಯೇ ನೋಡಿಕೊಂಡೆವು’ ಎಂಬ ಮಾತು: ಇಷ್ಟಕ್ಕೇ ಲೆಕ್ಕ ತೀರುತ್ತಿತ್ತು.

ಹಾಗೆಂದು ಹಿಂದಿನವರಿಗೆ ಈ ಕೆಲಸದ ವಿವರ ತಿಳಿದಿರಲಿಲ್ಲವೆಂದಲ್ಲ. ಜೈನ ಆಗಮಗಳಲ್ಲಿ ಸಿರಿವಂತರ ಮನೆಯ ಮಗುವನ್ನು ಐವರು ಧಾತ್ರಿಯರು ಸಲಹುತ್ತಿದ್ದರೆಂಬ ವರ್ಣನೆ ಮತ್ತೆ ಮತ್ತೆ ಬರುತ್ತದೆ. ಹಾಲೂಡುವವಳೊಬ್ಬಳು, ಮೀಯಿಸುವವಳೊಬ್ಬಳು, ಉಡಿಸಿ ತೊಡಿಸುವವಳೊಬ್ಬಳು, ಆಡಿಸುವವಳೊಬ್ಬಳು, ತೊಡೆಯ ಮೇಲೆ ಇರಿಸಿಕೊಂಡು ಎತ್ತಿ ತಿರುಗುವವಳೊಬ್ಬಳು. ಇದು ವೈಭವವನ್ನು ಹೇಳುವ ಕ್ರಮವೆಂಬುದು ನಿಜ. ಆದರೆ ಮಗು ನೋಡಿಕೊಳ್ಳುವುದು ‘ಸುಮ್ಮನೆ ಕುಳಿತಿರುವ ಕೆಲಸ’ ಎಂದು ಹೇಳುವವರು ಈ ಪಟ್ಟಿಯನ್ನೊಮ್ಮೆ ಗಮನಿಸಬೇಕು. ಅಂದು ಐದು ಕೈಗಳಿಗೆ ಹಂಚಿದ್ದ ಕೆಲಸವನ್ನು ಇಂದು ಒಬ್ಬಳೇ ಮಾಡುತ್ತಾಳೆ, ನಡುವೆ ಬಿಡುವಾದಾಗ ಪಾತ್ರೆಯನ್ನೂ ತೊಳೆಯುತ್ತಾಳೆ.

ಜೈನ ಮುನಿಗಳ ಆಚಾರನಿಯಮಗಳಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಮುನಿಯು ಆಹಾರ ಪಡೆಯುವಾಗ ಬರಬಹುದಾದ ಹದಿನಾರು ಉತ್ಪಾದನ ದೋಷಗಳಲ್ಲಿ ಮೊದಲನೆಯದೇ ಧಾತ್ರೀದೋಷ. ಗೃಹಸ್ಥರ ಮಗುವನ್ನು ಆಡಿಸಿಯೋ, ಮಗುವಿನ ಪಾಲನೆಯ ಬಗೆಗೆ ಉಪದೇಶಿಸಿಯೋ, ಆ ಮೆಚ್ಚುಗೆಯಿಂದ ಆಹಾರ ಪಡೆಯಬಾರದೆಂಬುದು ನಿಯಮ. ಕನ್ನಡ ನಾಡಿನ ಬಸದಿಗಳಲ್ಲಿ ಶತಮಾನಗಳ ಕಾಲ ಪಾಠವಾಗುತ್ತಿದ್ದ ‘ಮೂಲಾಚಾರ’ದಲ್ಲಿಯೂ ಈ ದೋಷಗಳ ವಿವೇಚನೆಯಿದೆ. ಭಿಕ್ಷೆಯೆಂದರೆ ಬದಲಿಗೆ ಏನನ್ನೂ ಕೊಡದೆ ಪಡೆಯುವುದು. ಮಗುವನ್ನು ನೋಡಿಕೊಂಡು ಉಂಡರೆ ಅದು ಭಿಕ್ಷೆಯಲ್ಲ, ಕೂಲಿಯಾಗುತ್ತದೆ. ಅಂದರೆ ಮಗುವನ್ನು ಅರ್ಧ ಗಳಿಗೆ ಆಡಿಸಿದರೂ ಅದಕ್ಕೊಂದು ಬೆಲೆಯುಂಟೆಂಬ ತಿಳಿವಳಿಕೆ ಆ ನಿಯಮದ ಬುಡದಲ್ಲಿಯೇ ಇದೆ. ದಾದಿಯ ದುಡಿಮೆಯನ್ನು ದುಡಿಮೆಯೆಂದು ಇಷ್ಟು ನೇರವಾಗಿ ಒಪ್ಪಿಕೊಂಡ ಹಳೆಯ ಮಾತು ಮತ್ತೊಂದನ್ನು ನಾವು ಕಂಡಿಲ್ಲ.

ಬೆಲೆಯುಂಟೆಂದ ಮೇಲೆ ಎಷ್ಟು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿದೆ. ಈ ಗ್ರಂಥದೊಂದಿಗೆ ಕನ್ನಡಿಗರಿಗೆ ವಿಶೇಷ ನಂಟು. ಕಳೆದುಹೋಯಿತೆಂದೇ ಭಾವಿಸಿದ್ದ ಅದರ ಓಲೆಯ ಪ್ರತಿ 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದಿತು. ತಂದುಕೊಟ್ಟವರು ತಂಜಾವೂರು ಕಡೆಯ ಪಂಡಿತರೊಬ್ಬರು. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ರಾಜನೀತಿಗಾಗಿಯೇ ಹೆಸರಾದ ಈ ಗ್ರಂಥವನ್ನು ಕೂಲಿಯವರ ಕಣ್ಣಿನಿಂದ ಓದುವವರು ಕಡಿಮೆ.

ಕೆಲಸಗಾರನಿಗೂ ಯಜಮಾನನಿಗೂ ಆದ ಒಪ್ಪಂದವನ್ನು ನೆರೆಯವರು ತಿಳಿದಿರಬೇಕು ಎನ್ನುತ್ತಾನೆ ಕೌಟಿಲ್ಯ. ಮೊದಲೇ ಮಾತಾಗಿದ್ದರೆ ಮಾತಾದಷ್ಟು ವೇತನ ಸಲ್ಲಬೇಕು. ಮಾತಾಗಿರದಿದ್ದರೆ ಕೆಲಸವನ್ನೂ ಕಾಲವನ್ನೂ ನೋಡಿ ಕೊಡಬೇಕು. ಕುಶಲಕರ್ಮಿಗಳು, ವೈದ್ಯರು, ಕಥೆ ಹೇಳುವವರು, ಪರಿಚಾರಕರು ಮುಂತಾದವರಿಗೆ ಅದೇ ಬಗೆಯ ಇತರರು ಪಡೆಯುವಷ್ಟನ್ನು, ಇಲ್ಲವೆ ಆ ಕೆಲಸ ಬಲ್ಲವರು ನಿರ್ಣಯಿಸಿದಷ್ಟನ್ನು ಕೊಡಬೇಕು. ವಿವಾದ ಬಂದರೆ ಸಾಕ್ಷಿಗಳು ಹೇಳಬೇಕು. ಸಾಕ್ಷಿಗಳಿಲ್ಲದಿದ್ದರೆ ಕೆಲಸ ನಡೆದ ಸ್ಥಳದಲ್ಲಿಯೇ ವಿಚಾರಿಸಬೇಕು. ವೇತನ ಕೊಡದವನಿಗೆ ಅದರ ಹತ್ತನೆಯ ಒಂದು ಪಾಲು ಇಲ್ಲವೆ ಆರು ಪಣ ದಂಡ.

ಇದರಲ್ಲಿ ‘ಕೆಲಸ ಮತ್ತು ಕಾಲ’ ಎಂಬ ಜೋಡಿಯೇ ನಮಗೆ ಮುಖ್ಯ. ಗಡಿಯಾರವಿಲ್ಲದ ಕಾಲದಲ್ಲಿ ಹೇಳಿದ ಈ ಮಾತು ಇಂದಿನ ಗಂಟೆಗೂಲಿಯ ತಿರುಳೇ ಆಗಿದೆ. ಆ ಗ್ರಂಥದ ಸಮಾಜದಲ್ಲಿ ದಾಸ್ಯವಿತ್ತು, ಒತ್ತೆಯಿಟ್ಟ ದಾದಿಯರಿದ್ದರು. ಅದನ್ನು ಮರೆತು ಹೊಗಳುವುದು ಸಲ್ಲದು. ಆದರೂ ‘ಇಂಥವಳಿಗೆ ಎಷ್ಟು ಕೊಡಬೇಕು’ ಎಂಬುದನ್ನು ಯಜಮಾನನೊಬ್ಬನ ಮರ್ಜಿಗೆ ಬಿಡದೆ ಬಲ್ಲವರ ಮಾತಿಗೂ ನೆರೆಯವರ ಅರಿವಿಗೂ ಒಪ್ಪಿಸಿದ್ದು ಸಣ್ಣ ಸಂಗತಿಯಲ್ಲ.

ಹೊರನಾಡುಗಳಲ್ಲಿಯೂ ದಾದಿಯ ಒಪ್ಪಂದ ಬಹು ಹಳೆಯದು. ಮೆಸೊಪೊಟೇಮಿಯದ ಎಶ್ನುನ್ನದ ಶಾಸನಸಂಹಿತೆಯಲ್ಲಿ, ಮಗುವನ್ನು ಹಾಲೂಡಿ ಬೆಳೆಸಲು ಕೊಟ್ಟವನು ಮೂರು ವರ್ಷಗಳ ಕಾಲ ಕೊಡಬೇಕಾದ ಬಾರ್ಲಿ, ಎಣ್ಣೆ, ಉಣ್ಣೆಯನ್ನು ಕೊಡದೆ ಹೋದರೆ ಬೆಳ್ಳಿಯನ್ನು ತೂಗಿ ಕೊಟ್ಟೇ ಮಗುವನ್ನು ಹಿಂದೆ ಪಡೆಯಬೇಕೆಂಬ ವಿಧಿಯಿದೆ. ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ ಪಪೈರಸ್ ಹಾಳೆಗಳ ಮೇಲೆ ಬರೆದ ದಾದಿಯರ ಕರಾರುಪತ್ರಗಳೇ ದೊರೆತಿವೆ. ತಿಂಗಳಿಗಿಷ್ಟು ದ್ರಾಕ್ಮ, ಇಷ್ಟು ಎಣ್ಣೆ, ಇಷ್ಟು ಅವಧಿ ಎಂದು ಅವುಗಳಲ್ಲಿ ಬರೆದಿದೆ. ಈ ದಾಖಲೆಗಳಲ್ಲೆಲ್ಲ ಅಳತೆ ತಿಂಗಳದು, ವರ್ಷದ್ದು. ಗಂಟೆಯ ಮಾತಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ; ಮೊಲೆಯುಣ್ಣುವ ಕೂಸಿಗೆ ಹಗಲು ರಾತ್ರಿಯೆಂಬ ಭೇದವಿಲ್ಲವಷ್ಟೆ.

ನಮ್ಮ ನೆಲದಲ್ಲಿ ಮನೆಗೆಲಸದವರ ಸಂಬಳಕ್ಕೆ ಸರಕಾರವೆಂಬುದು ಕೈಹಾಕಿದ್ದು ಕಂಪನಿಯವರ ಕಾಲದಲ್ಲಿ, ಅದೂ ತಲೆಕೆಳಗಾಗಿ. 1759ರಲ್ಲಿ ಕಲ್ಕತ್ತೆಯ ಕಂಪನಿ ಆಡಳಿತವು ಆಳುಕಾಳುಗಳ ಸಂಬಳದ ಪಟ್ಟಿಯೊಂದನ್ನು ಹೊರಡಿಸಿತು. ಯಾರಿಗೂ ಇದಕ್ಕಿಂತ ಕಡಿಮೆ ಕೊಡಬಾರದು ಎಂಬುದಕ್ಕಾಗಿ ಹುಟ್ಟಿದ ಪಟ್ಟಿ ಅದಲ್ಲ. ಯಾರೂ ಇದಕ್ಕಿಂತ ಹೆಚ್ಚು ಕೇಳಬಾರದು, ಕೊಡಲೂಬಾರದು ಎಂಬುದಕ್ಕಾಗಿ ಹುಟ್ಟಿದ್ದು. ಆಳುಗಳು ಸಂಬಳ ಏರಿಸುತ್ತಿದ್ದಾರೆಂಬ ದೊರೆಗಳ ದೂರೇ ಅದರ ಮೂಲ. ಇಂದಿಗೂ ವಸತಿ ಸಮುಚ್ಚಯಗಳಲ್ಲಿ ‘ನಮ್ಮ ಬ್ಲಾಕಿನಲ್ಲಿ ಇಷ್ಟೇ ರೇಟು, ಯಾರೂ ಜಾಸ್ತಿ ಕೊಟ್ಟು ಕೆಡಿಸಬೇಡಿ’ ಎಂಬ ಮಾತು ಕೇಳಿಬರುವುದುಂಟು. ಅದರ ವಂಶಾವಳಿಯನ್ನು ಹುಡುಕುವವರು 1759ರವರೆಗೆ ಹೋಗಬಹುದು.

ಬ್ರಿಟಿಷರ ಕಾಲದ ಆಯಾ ಮಗುವಿನ ಕೋಣೆಯಲ್ಲಿಯೇ, ಅನೇಕ ವೇಳೆ ನೆಲದ ಮೇಲೆ, ಮಲಗುತ್ತಿದ್ದಳು. ಬೇಸಿಗೆಯಲ್ಲಿ ಮದ್ರಾಸು ಸರಕಾರವೇ ಉದಕಮಂಡಲಕ್ಕೆ ಏರಿದಾಗ ದೊರೆಸಾನಿ, ಮಕ್ಕಳೊಂದಿಗೆ ಆಯಾ ಕೂಡ ಏರುತ್ತಿದ್ದಳು. ಅವಳ ಬೆಲೆಯನ್ನು ನಿರ್ಧರಿಸುತ್ತಿದ್ದುದು ಆಕೆಯ ಬಳಿಯಿದ್ದ ಚೀಟಿಗಳು. ಹಿಂದಿನ ದೊರೆಸಾನಿ ಬರೆದುಕೊಟ್ಟ ಆ ಶಿಫಾರಸು ಚೀಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಬರೆದುದನ್ನು ಓದಲು ಬರುತ್ತಿದ್ದವರು ಅವರಲ್ಲಿ ಬಹಳ ಕಡಿಮೆ. ತನ್ನ ಬಗೆಗೆ ಒಳ್ಳೆಯದನ್ನು ಬರೆದಿದೆಯೋ ಕೆಟ್ಟದ್ದನ್ನೋ ಎಂಬುದೇ ತಿಳಿಯದೆ ಚೀಟಿ ಹಿಡಿದು ಹೊಸ ಬಂಗಲೆಯ ಬಾಗಿಲಿಗೆ ಹೋಗಬೇಕಾಗಿತ್ತು. ಚೀಟಿಯಿಲ್ಲದ ಹೊಸಬಳ ಪಾಡನ್ನು ಊಹಿಸಿಕೊಳ್ಳಬಹುದು.

ಹಡಗಿನಲ್ಲಿ ದೊರೆಗಳ ಮಕ್ಕಳನ್ನು ನೋಡಿಕೊಳ್ಳುತ್ತ ವಿಲಾಯಿತಿಗೆ ಹೋಗಿ ಬರುತ್ತಿದ್ದ ಆಯಾಗಳದು ಇನ್ನೊಂದು ಕಥೆ. ಅವರಲ್ಲಿ ಆಂಟನಿ ಪರೇರಾ ಎಂಬವರ ಹೆಂಡತಿ 54 ಬಾರಿ ಸಮುದ್ರ ದಾಟಿದ್ದಳೆಂದು ಅಂದಿನವರು ಬರೆದಿದ್ದಾರೆ. ಅಷ್ಟು ಅನುಭವಸ್ಥೆಯ ಹೆಸರು ಕೂಡ ಗಂಡನ ಹೆಸರಾಗಿ ಉಳಿದಿದೆಯೆಂಬುದನ್ನು ಗಮನಿಸಬೇಕು. ಆದರೆ ಎಲ್ಲರೂ ಅವಳಂತೆ ಪಳಗಿದವರಲ್ಲ. ಹಿಂದಿರುಗುವ ಪ್ರಯಾಣದ ಖರ್ಚು ಯಾರದೆಂಬುದು ಹೊರಡುವ ಮೊದಲು ಇತ್ಯರ್ಥವಾಗದಿದ್ದ ಕಾರಣ, ಲಂಡನ್ನಿನ ಹಡಗುಕಟ್ಟೆ ಮುಟ್ಟಿದ ಮೇಲೆ ಕೈಬಿಡಲ್ಪಟ್ಟವರು ಹಲವರು. ಅಂಥವರಿಗಾಗಿ ‘ಆಯಾಗಳ ಮನೆ’ ಎಂಬ ಆಶ್ರಯವೊಂದು ಲಂಡನ್ನಿನಲ್ಲಿ ನಡೆಯುತ್ತಿತ್ತು. 1900ರಿಂದ ಅದು ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಯಲ್ಲಿತ್ತು. ಭಾರತಕ್ಕೆ ಹೊರಡುವ ಕುಟುಂಬಗಳು ಅಲ್ಲಿಗೆ ಬಂದು ಆಯಾಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದವು. 2022ರಲ್ಲಿ ಆ ಕಟ್ಟಡಕ್ಕೆ ಸ್ಮಾರಕ ಫಲಕ ಹಾಕಿದರು. ಕೆಲಸಕ್ಕೆ ಸೇರುವ ಮುನ್ನ ಹೋಗಿಬರುವ ದಾರಿಯ ಖರ್ಚನ್ನು ಮಾತಾಡಿಕೊಳ್ಳದೆ ಇರುವುದರ ಪರಿಣಾಮವೇನೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅತ್ತಿಬೆಲೆಯ ಬಸ್ಸಿನ ಖರ್ಚಿಗೂ ಅದು ಅನ್ವಯಿಸುತ್ತದೆ.

ಗಂಟೆಯ ಲೆಕ್ಕ ಹುಟ್ಟಿದ್ದು ಕಾರ್ಖಾನೆಯಲ್ಲಿ. ಸೋಲಾಪುರದ ಗಿರಣಿಯಿರಲಿ ಬೆಂಗಳೂರಿನ ಗಿರಣಿಯಿರಲಿ, ಸೀಟಿ ಕೂಗಿದಾಗ ಒಳಗೆ, ಸೀಟಿ ಕೂಗಿದಾಗ ಹೊರಗೆ. ಹಾಗಾಗಿ ದುಡಿದ ಹೊತ್ತನ್ನು ಎಣಿಸಲು ಸಾಧ್ಯವಾಯಿತು. ಹೆಚ್ಚಿನ ಹೊತ್ತಿಗೆ ಹೆಚ್ಚಿನ ಕೂಲಿ ಕೇಳಲೂ ಸಾಧ್ಯವಾಯಿತು. ಮನೆಯೊಳಗಿನ ಕೆಲಸಕ್ಕೆ ಸೀಟಿಯಿಲ್ಲ. ಕಾನೂನುಗಳೂ ಬಹುಕಾಲ ಮನೆಯ ಹೊಸ್ತಿಲಿನಲ್ಲಿಯೇ ನಿಂತವು. ಅಮೆರಿಕದಲ್ಲಿ 1938ರಲ್ಲಿ ಕನಿಷ್ಠ ಗಂಟೆಗೂಲಿಯ ಕಾನೂನು ಬಂದರೂ ಮನೆಗೆಲಸದವರು ಅದರೊಳಗೆ ಬಂದದ್ದು 1974ರಲ್ಲಿ. ಆಗಲೂ ಅಪರೂಪಕ್ಕೊಮ್ಮೆ ಮಗು ನೋಡಿಕೊಳ್ಳುವವರನ್ನು ಹೊರಗಿಟ್ಟರು. ಇಂಗ್ಲೆಂಡಿನಲ್ಲಿ 1999ರಿಂದ ಕನಿಷ್ಠ ವೇತನ ಜಾರಿಯಲ್ಲಿದ್ದರೂ, ಮನೆಯಲ್ಲಿಯೇ ಇದ್ದು ‘ಕುಟುಂಬದವರಂತೆ’ ನಡೆಸಿಕೊಳ್ಳಲ್ಪಡುವ ಕೆಲಸದವರಿಗೆ ಅದು ಅನ್ವಯಿಸದೆಂಬ ವಿನಾಯಿತಿಯೊಂದಿತ್ತು. ಅದನ್ನು ತೆಗೆದದ್ದು 2024ರ ಏಪ್ರಿಲಿನಲ್ಲಿ. ‘ಮನೆಯವಳಂತೆ’ ಎಂಬ ಸವಿನುಡಿ ಅಲ್ಲಿ ಇಪ್ಪತ್ತೈದು ವರ್ಷ ಕಾನೂನಿನ ಭಾಷೆಯಲ್ಲಿಯೇ ಕೂಲಿಯನ್ನು ತಡೆಹಿಡಿದಿತ್ತು.

ನಮ್ಮ ದೇಶದಲ್ಲಿ ಕನಿಷ್ಠ ವೇತನ ಕಾಯಿದೆ ಬಂದದ್ದು 1948ರಲ್ಲಿ. ವೇತನವನ್ನು ಗಂಟೆಗೆ, ದಿನಕ್ಕೆ, ತಿಂಗಳಿಗೆ ಹೀಗೆ ಯಾವ ಅಳತೆಯಿಂದಲೂ ನಿಗದಿಪಡಿಸಲು ಅದರಲ್ಲಿ ಅವಕಾಶವಿತ್ತು. ಆದರೆ ಅದರ ಅನುಸೂಚಿಯಲ್ಲಿ ಹೆಸರಿದ್ದ ಕೆಲಸಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಮನೆಗೆಲಸದ ಹೆಸರು ಅಲ್ಲಿರಲಿಲ್ಲ. ನ್ಯಾಯವಾದ ಕನಿಷ್ಠ ಕೂಲಿಯನ್ನು ಲೆಕ್ಕಹಾಕುವುದು ಹೇಗೆಂದು 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರವನ್ನು ಕೊಟ್ಟಿತು. ದುಡಿಯುವವನೊಬ್ಬ, ಅವನ ಕುಟುಂಬವೆಂದರೆ ಮೂರು ಉಣ್ಣುವ ಪಾಲು, ವಯಸ್ಕನೊಬ್ಬನಿಗೆ ದಿನಕ್ಕೆ 2,700 ಕ್ಯಾಲೊರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವಲ್ಲದೆ ಸೌದೆ, ದೀಪ ಮುಂತಾದವಕ್ಕೆ ಒಟ್ಟು ವೇತನದ ನೂರಕ್ಕೆ ಇಪ್ಪತ್ತು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಶಿಕ್ಷಣ, ವೈದ್ಯ, ಹಬ್ಬ ಹರಿದಿನ, ಮುಪ್ಪಿನ ಆಸರೆ ಇವುಗಳಿಗೆಂದು ನೂರಕ್ಕೆ ಇಪ್ಪತ್ತೈದನ್ನು ಸೇರಿಸಬೇಕೆಂದಿತು.

ಈ ಸೂತ್ರದಷ್ಟು ಮಾನವೀಯವಾದುದು ಆ ಕಾಲದ ಸರಕಾರಿ ಕಾಗದಗಳಲ್ಲಿ ಅಪರೂಪ. ಹೆಂಗಸರ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅದು ಹೇಳಿದ್ದೂ ಒಳ್ಳೆಯ ಉದ್ದೇಶದಿಂದಲೇ. ಗಂಡಸಿನ ಒಬ್ಬನ ಕೂಲಿಯೇ ಮನೆಗೆ ಸಾಕಾಗಬೇಕೆಂಬುದು ಅದರ ಆಶಯ. ಆದರೆ ಅದೇ ಆಲೋಚನೆ ಮನೆಗಳಲ್ಲಿ ಬೇರೆ ರೂಪ ತಳೆಯಿತು. ‘ಗಂಡ ದುಡಿಯುತ್ತಾನಲ್ಲ, ಇವಳದು ಮೇಲುಖರ್ಚಿಗೆ’ ಎಂಬ ಮಾತಾಗಿ ಅದು ದಾದಿಯ ಕೂಲಿಯನ್ನು ಕೆಳಗಿಳಿಸಿತು. ಅವಳ ಗಂಡ ದುಡಿಯುತ್ತಾನೆಯೇ, ಇದ್ದಾನೆಯೇ ಎಂದು ವಿಚಾರಿಸಿದವರು ಯಾರು? ಮತ್ತೊಬ್ಬರ ಮಗುವನ್ನು ನೋಡಿಕೊಳ್ಳಲು ಹೊರಟವಳ ಸ್ವಂತ ಮಗುವನ್ನು ಆ ಹೊತ್ತಿನಲ್ಲಿ ಯಾರು ನೋಡಿಕೊಳ್ಳುತ್ತಾರೆಂಬ ಖರ್ಚಿನ ಬಾಬತ್ತು ಆ ಸೂತ್ರದಲ್ಲಿಯೂ ಇಲ್ಲ.

ಹೊಸ್ತಿಲು ದಾಟಿಸಿದವರು ಕೆಲಸದ ಹೆಂಗಸರೇ. 1980ರಲ್ಲಿ ಪುಣೆಯ ಮನೆಗೆಲಸದ ಹೆಂಗಸರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಅವರ ಸಂಘಟನೆ ಅಲ್ಲಿಂದ ಬೆಳೆಯಿತು. ಬೆಂಗಳೂರಿನಲ್ಲಿ ರೂತ್ ಮನೋರಮಾ ಅವರು 1985ರಲ್ಲಿ ಕಟ್ಟಿದ ‘ವಿಮೆನ್ಸ್ ವಾಯ್ಸ್’ ಕೊಳೆಗೇರಿಗಳ ಹೆಂಗಸರನ್ನೂ ಮನೆಗೆಲಸದವರನ್ನೂ ಒಟ್ಟುಗೂಡಿಸಿತು. ಈ ಒತ್ತಾಯದ ಫಲವಾಗಿ ಕರ್ನಾಟಕ ಸರಕಾರ 1992ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಪ್ರಕಟಿಸಿ, ಮರುವರ್ಷವೇ ಹಿಂದೆಗೆದುಕೊಂಡಿತು. ಮತ್ತೆ ಪ್ರಕಟವಾಗಲು 2004 ಬರಬೇಕಾಯಿತು. ಆ ಆದೇಶದಲ್ಲಿ ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಮನೆ ಒಪ್ಪ ಮಾಡುವುದು ಇವುಗಳ ಸಾಲಿನಲ್ಲಿಯೇ ಮಕ್ಕಳನ್ನು ನೋಡಿಕೊಳ್ಳುವುದನ್ನೂ ಹೆಸರಿಸಿ, ದಿನಕ್ಕೆಷ್ಟು ಹೊತ್ತು ಎಂಬುದರ ಮೇಲೆ ವೇತನ ನಿಗದಿಪಡಿಸಿದರು. ಮನೆಯಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಯಿದ್ದರೆ ಹೆಚ್ಚು ಕೊಡಬೇಕೆಂದೂ ಸೇರಿಸಿದರು. ಕೌಟಿಲ್ಯನ ಕೆಲಸ ಮತ್ತು ಕಾಲ ಹೀಗೆ ಸರಕಾರಿ ರಾಜ್ಯಪತ್ರಕ್ಕೆ ಬಂದವು.

ಗಡಿಯ ಈಚೆ ನಮ್ಮ ತಮಿಳುನಾಡಿನಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿ 2007ರಲ್ಲಿ ಬಂದಿತು. 2018ರಲ್ಲಿ ಕನಿಷ್ಠ ವೇತನವೂ ಗೊತ್ತಾಯಿತು. ಅದು ಗಂಟೆಯ ಲೆಕ್ಕದಲ್ಲಿಯೇ ಇದೆ: ಕೌಶಲವಿಲ್ಲದ ಕೆಲಸಕ್ಕೆ ಗಂಟೆಗೆ 37 ರೂಪಾಯಿ. ಮಗುವಿನ ಪಾಲನೆಯನ್ನು ಕೌಶಲವಿಲ್ಲದ ಕೆಲಸವೆಂದು ಎಣಿಸುವುದೇ ನಮಗೆ ಒಪ್ಪಿಗೆಯಿಲ್ಲ. ಜ್ವರ ಬಂದ ಮಗುವಿನ ಅಳುವಿಗೂ ಹಸಿದ ಮಗುವಿನ ಅಳುವಿಗೂ ಇರುವ ಭೇದವನ್ನು ಕಿವಿಯಿಂದಲೇ ತಿಳಿಯುವುದು ಕೌಶಲವಲ್ಲದೆ ಮತ್ತೇನು? ಆದರೂ 37 ಎಂಬ ಸಂಖ್ಯೆ ನಿಂತದ್ದು ದೊಡ್ಡ ಸಂಗತಿ. ಏಕೆಂದರೆ ಅದು ತಳಮಟ್ಟ. ಏನೂ ಬಾರದವಳಿಗೂ ಇದಕ್ಕಿಂತ ಕಡಿಮೆ ಸಲ್ಲದು ಎಂದ ಮೇಲೆ, ‘ಹೊಸಬಳು’ ಎಂಬ ಕಾರಣಕ್ಕೆ ಅದಕ್ಕಿಂತ ಕೆಳಗೆ ಇಳಿಸಲು ನೆವವಿಲ್ಲ. ಇಂದಿನ ದರವನ್ನು ಆಯಾ ರಾಜ್ಯದ ಕಾರ್ಮಿಕ ಇಲಾಖೆಯ ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು. ಗಡಿ ದಾಟಿ ದುಡಿಯುವವರಿಗೆ ಕೆಲಸ ನಡೆಯುವ ರಾಜ್ಯದ ದರ ಅನ್ವಯಿಸುತ್ತದೆಯೇ ಹೊರತು ವಾಸದ ರಾಜ್ಯದ್ದಲ್ಲ. ಹೊಸೂರಿನವಳು ಬೆಂಗಳೂರಿನಲ್ಲಿ ದುಡಿದರೆ ‘ನಿಮ್ಮೂರಿನ ರೇಟು ಇಷ್ಟೇ ಅಲ್ಲವೇ’ ಎಂಬ ವಾದ ನಿಲ್ಲುವುದಿಲ್ಲ.

ಸರಕಾರವೂ ಈ ವಿಷಯದಲ್ಲಿ ನಿರ್ಮಲವೇನಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. ಅಂದಿನಿಂದ ಅಂಗನವಾಡಿಯ ಕಾರ್ಯಕರ್ತೆಯರು, ಸಹಾಯಕಿಯರು ಊರ ಮಕ್ಕಳನ್ನೆಲ್ಲ ನೋಡಿಕೊಂಡರು. ಅವರಿಗೆ ಸಿಗುವುದಕ್ಕೆ ಸಂಬಳವೆಂಬ ಹೆಸರಿಲ್ಲ, ‘ಗೌರವಧನ’. ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಗೌರವವೆಂಬ ಮಾತು ಸೇರಿದಲ್ಲೆಲ್ಲ ಧನ ಕಡಿಮೆಯಾಗುವುದನ್ನು ಸಂಘದ ಕೆಲಸ ಮಾಡಿದ ನಮಗಾರಿಗೂ ಹೊಸದಾಗಿ ಹೇಳಬೇಕಿಲ್ಲ. ಹೊರದೇಶದಲ್ಲಿರುವ ಮಗಳ ಬಾಣಂತನಕ್ಕೆ ಆರು ತಿಂಗಳು ಹೋಗಿ ಬರುವ ನಮ್ಮ ಸಂಘಗಳ ಅಜ್ಜಿಯರಿಗಂತೂ ಗೌರವಧನವೂ ಇಲ್ಲ. ಮೊಮ್ಮಗುವಿನ ಮುಖವೇ ಸಂಬಳ. ಅದು ಪ್ರೀತಿಯ ಲೆಕ್ಕ, ಇರಲಿ. ಆದರೆ ಅಜ್ಜಿ ಹಿಂದಿರುಗಿದ ಮರುದಿನ ಅದೇ ಕೆಲಸಕ್ಕೆ ಆ ದೇಶದಲ್ಲಿ ಗಂಟೆಗೆಷ್ಟು ತೆರಬೇಕಾಯಿತೆಂದು ಮಗಳನ್ನು ಕೇಳಿದರೆ, ಇಲ್ಲಿಯ ದಾದಿಯ ಬಗೆಗೂ ನಮ್ಮ ಎಣಿಕೆ ಬದಲಾದೀತು.

ಇನ್ನು ಲೆಕ್ಕ. ಉದಾಹರಣೆಗೆ ಒಂದು ಮನೆಯವರು ತಿಂಗಳಿಗೆ 6,000 ರೂಪಾಯಿ ಎಂದರೆನ್ನೋಣ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಆರು ಗಂಟೆ, ತಿಂಗಳಿಗೆ 26 ದಿನ. ಒಟ್ಟು 156 ಗಂಟೆ. ಗಂಟೆಗೆ 38 ರೂಪಾಯಿಗೆ ತುಸು ಮೇಲೆ. 2018ರ ದರಕ್ಕೆ ಹೋಲಿಸಿದರೆ ಅದರ ಅಂಚಿನಲ್ಲಿದೆ. ಆದರೆ ಮನೆಯೊಡತಿಯ ಕಚೇರಿ ಬಸ್ಸು ತಡವಾಗಿ ಬರುತ್ತದೆ, ‘ಸ್ವಲ್ಪ ಬೇಗ ಬಾ’ ಎಂಬ ಮಾತು ಬರುತ್ತದೆ. ಹೀಗೆ ದಿನ ಒಂಬತ್ತು ಗಂಟೆಯಾದರೆ ಒಟ್ಟು 234 ಗಂಟೆ, ಗಂಟೆಗೆ 25 ರೂಪಾಯಿ ಚಿಲ್ಲರೆ. ಬಸ್ಸಿಗೆ ದಿನಕ್ಕೆ 40 ರೂಪಾಯಿಯಂತೆ ತಿಂಗಳಿಗೆ 1,040 ಕಳೆದರೆ ಉಳಿಯುವುದು 4,960. ಗಂಟೆಗೆ 21 ರೂಪಾಯಿ. ತಿಂಗಳ ಮೊತ್ತ ಒಂದೇ ಒಂದು ರೂಪಾಯಿಯೂ ಬದಲಾಗದೆ ಕೂಲಿ ಅರ್ಧಕ್ಕೆ ಹತ್ತಿರ ಇಳಿದುಹೋಯಿತು. ತಿಂಗಳ ಸಂಬಳವೆಂಬ ಹಳೆಯ ಅಳತೆಯಲ್ಲಿ ಈ ಇಳಿತ ಕಣ್ಣಿಗೆ ಬೀಳುವುದೇ ಇಲ್ಲ. ಗಂಟೆಯ ಲೆಕ್ಕದ ಪ್ರಯೋಜನ ಇರುವುದೇ ಇಲ್ಲಿ.

‘ಮಗು ಮಲಗಿದ್ದಾಗ ಅವಳಿಗೇನು ಕೆಲಸ?’ ಎಂಬ ಪ್ರಶ್ನೆ ಬರುತ್ತದೆ. ಬ್ಯಾಂಕಿನ ಕಾವಲುಗಾರನನ್ನು ಕಳ್ಳ ಬಾರದ ರಾತ್ರಿಗಳಿಗೆ ಸಂಬಳವಿಲ್ಲವೆಂದು ಯಾರೂ ಕಳುಹಿಸುವುದಿಲ್ಲ. ಮಗು ಮಲಗಿದ್ದಾಗ ಅವಳು ಎದ್ದು ಮನೆಗೆ ಹೋಗುವಂತಿದ್ದರೆ ಮಾತು ಬೇರೆ; ಹೋಗುವಂತಿಲ್ಲವಾದರೆ ಅದು ದುಡಿಮೆಯ ಹೊತ್ತೇ. ಆ ಹೊತ್ತಿನಲ್ಲಿ ಪಾತ್ರೆ, ಬಟ್ಟೆ, ತರಕಾರಿ ಹೆಚ್ಚುವುದು ಸೇರಿಕೊಂಡರೆ ಅದು ಬೇರೆಯ ಕೆಲಸ, ಬೇರೆಯ ಮಾತು. ಮಧ್ಯಾಹ್ನದ ಊಟವನ್ನೂ ಹಳೆಯ ಸೀರೆಯನ್ನೂ ಕೊಡುವುದು ಒಳ್ಳೆಯದೇ, ಆದರೆ ಅವನ್ನು ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ. ಅವಳಿ ಮಕ್ಕಳಿದ್ದರೆ, ಭಾನುವಾರವೂ ಕರೆದರೆ, ರಾತ್ರಿ ಉಳಿಯಬೇಕಾದರೆ ದರ ಏರಲೇಬೇಕು.

ಮೊದಲ ಬಾರಿಗೆ ಹೋಗುವವಳಿಗೆ ಚೀಟಿಯಿರುವುದಿಲ್ಲ. ಆದರೆ ಅವರಲ್ಲಿ ಬಹುಮಂದಿ ತಮ್ಮ ತಂಗಿಯರನ್ನೋ ಸ್ವಂತ ಮಕ್ಕಳನ್ನೋ ಬೆಳೆಸಿದವರು. ಸುತ್ತಲಿನ ಮೂರು ನಾಲ್ಕು ಮನೆಗಳಲ್ಲಿ ಅದೇ ಕೆಲಸ ಮಾಡುವವರು ಏನು ಪಡೆಯುತ್ತಾರೆಂದು ವಿಚಾರಿಸಿಕೊಂಡು, ಕಾನೂನಿನ ತಳಮಟ್ಟವನ್ನು ತಿಳಿದುಕೊಂಡು, ಅವೆರಡರ ನಡುವೆ ಎಲ್ಲಿಯಾದರೂ ಆರಂಭಿಸಿ, ಮೂರು ತಿಂಗಳ ಬಳಿಕ ಮತ್ತೆ ಮಾತಾಡುವುದೆಂದು ಮೊದಲೇ ಹೇಳಿಕೊಳ್ಳುವುದು ಸರಿಯಾದ ಕ್ರಮವೆಂದು ನಮಗೆ ತೋರುತ್ತದೆ. ಕೆಲಸ ಕೊಡಿಸಿದ ಏಜೆನ್ಸಿಯವರು ಮೊದಲ ತಿಂಗಳ ಸಂಬಳದಲ್ಲಿ ಪಾಲು ಹಿಡಿಯುತ್ತಾರೆಯೇ, ಹಿಡಿದರೆ ಯಾರ ಕಡೆಯಿಂದ ಎಂಬುದನ್ನೂ ಆಗಲೇ ಕೇಳಬೇಕು. ಮಾತಾಡುವಾಗ ಇಬ್ಬರ ಕಡೆಯವರಲ್ಲದ ಮೂರನೆಯವರೊಬ್ಬರಿದ್ದರೆ ಒಳ್ಳೆಯದು. ನೆರೆಯವರು ತಿಳಿದಿರಬೇಕೆಂದ ಕೌಟಿಲ್ಯನ ಮಾತಿಗೆ ನಮ್ಮ ಬೀದಿಗಳಲ್ಲಿ ಇನ್ನೂ ಎಡೆಯಿದೆ. ಸಂಘದ ಮಹಿಳಾ ವಿಭಾಗದವರು ಆ ಮೂರನೆಯವರಾಗಿ ಕುಳಿತುಕೊಳ್ಳಬಹುದೆಂಬುದು ನಮ್ಮ ಸೂಚನೆ.

2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸದವರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿದಾಗ ಭಾರತ ಅದರ ಪರವಾಗಿ ಮತ ಹಾಕಿತಾದರೂ, ಅದನ್ನು ಸ್ಥಿರೀಕರಿಸಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಮನೆಗೆಲಸದವರಿಗಾಗಿ ಪ್ರತ್ಯೇಕ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಕಾನೂನು ಬರುವಾಗ ಬರಲಿ. ಅಲ್ಲಿಯವರೆಗೆ ದುಡಿದ ಹೊತ್ತಿನ ದಾಖಲೆಯನ್ನು ಇಡಲು ಯಾರ ಅಪ್ಪಣೆಯೂ ಬೇಕಿಲ್ಲ. ಪ್ರತಿ ಮನೆಯ ಅಡುಗೆಮನೆಯ ಗೋಡೆಗೂ ಒಂದು ಕ್ಯಾಲೆಂಡರು ತೂಗುತ್ತಿರುತ್ತದೆ. ಹಾಲು ಎಷ್ಟು ಪ್ಯಾಕೆಟ್ಟು ಬಂತು, ಯಾವ ದಿನ ಬರಲಿಲ್ಲ ಎಂಬುದನ್ನು ಅದರ ಮನೆಮನೆಯಲ್ಲಿ ಗುರುತು ಹಾಕುತ್ತೇವೆ. ಮಗು ನೋಡಿಕೊಳ್ಳುವವಳು ಬಂದ ಹೊತ್ತು, ಹೋದ ಹೊತ್ತು, ಎರಡನ್ನೂ ಹಾಲಿನ ಗುರುತಿನ ಪಕ್ಕದಲ್ಲಿ ಬರೆಯಲು ಸಾಕಷ್ಟು ಜಾಗವಿರುತ್ತದೆ.